ವಿದ್ಯಾಲಯಗಳೂ ಮೇಘ ಭಂಡಾರವೂ

ಮನೆಯ ಮಗನೋ ಮಗಳೋ ಮಹಾವಿದ್ಯಾಲಯವನ್ನು ಸೇರಿದಾಗ ತಂದೆತಾಯಿಗಳು ಮೂರು ಸಂಗತಿಗಳನ್ನು ವಿಚಾರಿಸುವುದು ವಾಡಿಕೆ. ಅಧ್ಯಾಪಕರು ಎಂಥವರು, ಶುಲ್ಕವೆಷ್ಟು, ಹೋಗಿ ಬರುವ ದಾರಿ ಹೇಗೆ ಎಂಬಿವೇ ಆ ಮೂರು. ಇವುಗಳಿಗೆ ನಾಲ್ಕನೆಯದೊಂದನ್ನು ಸೇರಿಸಿಕೊಳ್ಳತಕ್ಕ ಕಾಲವು ಬಂದಿರುವುದೆಂದು ನಮ್ಮ ಅಭಿಪ್ರಾಯ. ಮಕ್ಕಳ ಹಾಜರಿ, ಅಂಕಗಳು, ಅವರು ಬರೆದ ಪ್ರಬಂಧಗಳು, ಕಟ್ಟಿದ ಶುಲ್ಕದ ರಸೀದಿ, ಕಟ್ಟಕಡೆಗೆ ಪದವಿಯ ಪ್ರಮಾಣಪತ್ರ, ಇವೆಲ್ಲವೂ ಯಾರ ವಶದಲ್ಲಿ, ಯಾವ ಬೀಗದೊಳಗೆ ಇರುವುವು ಎಂಬುದೇ ಆ ನಾಲ್ಕನೆಯ ಪ್ರಶ್ನೆ.

ಹಿಂದಿನ ಕಾಲದಲ್ಲಿ ಇದಕ್ಕೆ ಉತ್ತರ ಹೇಳುವುದು ಕಷ್ಟವಾಗಿರಲಿಲ್ಲ. ಕಾಲೇಜಿನ ಕಚೇರಿಯಲ್ಲಿ ಒಂದು ಮರದ ಕಪಾಟು, ಅದರೊಳಗೆ ದಪ್ಪ ರಟ್ಟಿನ ಪುಸ್ತಕಗಳು, ಬೀಗದ ಕೈ ಗುಮಾಸ್ತರ ಮೇಜಿನೊಳಗೆ. ಆಮೇಲೆ ಗಣಕಯಂತ್ರವು ಬಂದು ಕಪಾಟಿನ ಬದಲು ಒಂದು ಕೋಣೆಯನ್ನು ಹಿಡಿಯಿತು. ಈಗಲಾದರೋ ಆ ಕೋಣೆಯೂ ಬರಿದಾಗುತ್ತಿದೆ. ಕಾಲೇಜಿನ ಲೆಕ್ಕಪತ್ರವೂ ಪಾಠವೂ ಪರೀಕ್ಷೆಯೂ 'ಕ್ಲೌಡ್' ಎಂಬುದಕ್ಕೆ ಸಾಗುತ್ತಿವೆ. ನಮ್ಮವರು ಇದನ್ನು ಮೇಘ ಎಂದೂ ಕರೆಯುತ್ತಾರೆ. ಭಾರತ ಸರಕಾರವು 2014ರಲ್ಲಿ ತನ್ನ ಕಚೇರಿಗಳಿಗಾಗಿ ಆರಂಭಿಸಿದ ಇಂತಹ ಏರ್ಪಾಡಿಗೆ 'ಮೇಘರಾಜ' ಎಂದೇ ಹೆಸರಿಟ್ಟಿತು.

ಈ ಹೆಸರಿನಿಂದ ಗೃಹಸ್ಥರಿಗೆ ಒಂದು ಭ್ರಾಂತಿಯುಂಟಾಗುವುದುಂಟು. ವರ್ಷಕ್ಕೆ 3,500 ಮಿಲ್ಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ನಮ್ಮ ಮಂಗಳೂರಿನವರಿಗೆ ಮುಗಿಲೆಂದರೆ ಯಾರ ಕೈಗೂ ಸಿಕ್ಕದ, ಎಲ್ಲಿಗೆ ಹೋಗುವುದೆಂದು ತಿಳಿಯದ ವಸ್ತು. ಆದರೆ ಈ ಮೇಘವು ಆಕಾಶದಲ್ಲಿಲ್ಲ. ಅದು ನೆಲದ ಮೇಲೆ ಕಟ್ಟಿದ ದೊಡ್ಡ ಕಟ್ಟಡ. ಒಳಗೆ ಸಾಲುಸಾಲಾಗಿ ಸಾವಿರಾರು ಗಣಕಯಂತ್ರಗಳು, ಅವುಗಳನ್ನು ತಣ್ಣಗಿರಿಸುವ ಯಂತ್ರಗಳು, ವಿದ್ಯುತ್ತು ತಪ್ಪಿದರೆ ನೆರವಿಗೆ ಬರುವ ಬ್ಯಾಟರಿಗಳೂ ಜನರೇಟರುಗಳೂ, ಬಾಗಿಲಲ್ಲಿ ಕಾವಲುಗಾರರು. ಆ ಕಟ್ಟಡಕ್ಕೆ ಒಡೆಯನಿದ್ದಾನೆ, ಬಾಡಿಗೆಯಿದೆ, ಕರಾರಿದೆ. ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದನ್ನು ತಿಳಿಯುವುದು ಸುಲಭ.

ಬಾಡಿಗೆಯ ಬಗೆಗಳು ಮೂರು. ಮದುವೆಯ ಮನೆಯನ್ನು ದೃಷ್ಟಾಂತಕ್ಕೆ ತೆಗೆದುಕೊಳ್ಳೋಣ. ಕೆಲವರು ಹಂಡೆ ಕೊಪ್ಪರಿಗೆಗಳನ್ನು ಮಾತ್ರ ಬಾಡಿಗೆಗೆ ತಂದು ಮಿಕ್ಕುದನ್ನೆಲ್ಲ ತಾವೇ ಮಾಡಿಕೊಳ್ಳುವರು. ಕೆಲವರು ಒಲೆ, ನೀರು, ಚಪ್ಪರಗಳಿರುವ ಛತ್ರವನ್ನೇ ಹಿಡಿದು ಅಡಿಗೆಯನ್ನು ಮಾತ್ರ ತಮ್ಮವರಿಂದ ಮಾಡಿಸುವರು. ಇನ್ನು ಕೆಲವರು ಅಡಿಗೆಯವರಿಗೆ ಎಲ್ಲವನ್ನೂ ಒಪ್ಪಿಸಿ, ಎಲೆಯ ಮುಂದೆ ಕುಳಿತುಕೊಳ್ಳುವರು. ಮೇಘದ ಸೇವೆಯೂ ಹೀಗೆಯೇ. ಸಂಶೋಧಕನು ದೊಡ್ಡ ಲೆಕ್ಕವೊಂದಕ್ಕಾಗಿ ಬರಿಯ ಯಂತ್ರಶಕ್ತಿಯನ್ನು ಬಾಡಿಗೆಗೆ ಪಡೆಯಬಹುದು. ಕಾಲೇಜಿನ ತಂತ್ರಜ್ಞರು ಸಿದ್ಧವಾದ ವೇದಿಕೆಯ ಮೇಲೆ ತಮ್ಮ ಕಾರ್ಯಕ್ರಮಗಳನ್ನು ಕಟ್ಟಬಹುದು. ಅಥವಾ ಅಂಚೆ, ತರಗತಿ, ಕಡತಗಳ ಪೆಟ್ಟಿಗೆ ಎಲ್ಲವನ್ನೂ ಸಿದ್ಧರೂಪದಲ್ಲಿಯೇ ಪಡೆಯಬಹುದು. ನಮ್ಮ ಮಕ್ಕಳು ದಿನವೂ ಬಳಸುವ ಗೂಗಲ್ ಕ್ಲಾಸ್‌ರೂಮ್ ಮೊದಲಾದವು ಈ ಮೂರನೆಯ ವರ್ಗಕ್ಕೆ ಸೇರಿದವು. ಈ ವಿಭಾಗವನ್ನು ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯು 2011ರಲ್ಲಿ ತನ್ನ ಲಕ್ಷಣನಿರೂಪಣೆಯಲ್ಲಿ ಸ್ಪಷ್ಟಪಡಿಸಿತು. ವ್ಯಾಪಾರವಾದರೋ ಅದಕ್ಕಿಂತ ಮೊದಲೇ ನಡೆದಿತ್ತು. ಅಮೆಜಾನ್ ಸಂಸ್ಥೆಯು ತನ್ನ ಯಂತ್ರಗಳ ಸಂಗ್ರಹಶಕ್ತಿಯನ್ನೂ ಗಣನಶಕ್ತಿಯನ್ನೂ ಹೊರಗಿನವರಿಗೆ ಬಾಡಿಗೆಗೆ ಕೊಡತೊಡಗಿದುದು 2006ರಲ್ಲಿ.

ಕಾಲೇಜುಗಳು ಇದಕ್ಕೆ ಮನಸೋಲುವುದಕ್ಕೆ ಬಲವಾದ ಕಾರಣಗಳಿವೆ. ಪರೀಕ್ಷೆಯ ಫಲಿತಾಂಶವು ಪ್ರಕಟವಾಗುವ ದಿನ ಸಾವಿರಾರು ಮಂದಿ ಒಂದೇ ಗಳಿಗೆಯಲ್ಲಿ ಬಂದು ಬಾಗಿಲು ತಟ್ಟುವರು. ಮರುವಾರ ಅತ್ತ ಸುಳಿಯುವವರೇ ಇರುವುದಿಲ್ಲ. ಆ ಒಂದು ದಿನದ ಜನಸಂದಣಿಗಾಗಿ ಯಂತ್ರಗಳನ್ನು ಕೊಂಡು ವರ್ಷವಿಡೀ ಸುಮ್ಮನಿರಿಸುವುದು, ಮಗಳ ಮದುವೆಗೆಂದು ಸಾವಿರ ಜನರ ಪಾತ್ರೆಗಳನ್ನು ಕೊಂಡು ಅಟ್ಟದಲ್ಲಿಟ್ಟಂತೆ. ಬೇಕಾದ ದಿನ ಹೆಚ್ಚು, ಬೇಡವಾದ ದಿನ ಕಡಿಮೆ ಎಂಬ ಸೌಕರ್ಯವು ಬಾಡಿಗೆಯಲ್ಲಿದೆ. ಅಲ್ಲದೆ ನಮ್ಮ ಕರಾವಳಿಯಲ್ಲಿ ಯಂತ್ರಗಳನ್ನು ಸಾಕುವುದು ಸುಲಭವಲ್ಲ. ಉಪ್ಪುಗಾಳಿಯು ಲೋಹವನ್ನು ತಿನ್ನುವುದು; ಮಳೆಗಾಲದ ಶೈತ್ಯವು ಒಳಸೇರುವುದು; ಮಳೆಗಾಲದ ಹಿಂದುಮುಂದಿನ ಸಿಡಿಲು ಒಂದೇ ಹೊಡೆತಕ್ಕೆ ಲಕ್ಷ ರೂಪಾಯಿಯ ಸಾಮಗ್ರಿಯನ್ನು ಸುಟ್ಟುಹಾಕಬಲ್ಲದು. ಸಣ್ಣ ಕಾಲೇಜೊಂದು ಇವೆಲ್ಲವನ್ನೂ ಎದುರಿಸಿ, ಹಗಲಿರುಳು ನೋಡಿಕೊಳ್ಳಲು ತಂತ್ರಜ್ಞನೊಬ್ಬನನ್ನೂ ಇಟ್ಟುಕೊಳ್ಳುವುದು ದುಸ್ತರ.

ಇಷ್ಟಾದರೂ ಬಹುತೇಕ ಸಂಸ್ಥೆಗಳು ಹಿಂದುಮುಂದು ನೋಡುತ್ತಲೇ ಇದ್ದುವು. ಅವುಗಳನ್ನು ನೂಕಿದುದು 2020ನೆಯ ಇಸವಿಯ ಮಹಾಮಾರಿ. ಆ ವರ್ಷದ ಮಾರ್ಚಿಯಲ್ಲಿ ಕಾಲೇಜುಗಳ ಬಾಗಿಲು ಮುಚ್ಚಿತು. 25ನೆಯ ತಾರೀಕಿನಿಂದ ದೇಶವೇ ಸ್ತಬ್ಧವಾಯಿತು. ಕೆಲವೇ ವಾರಗಳಲ್ಲಿ ಪಾಠಗಳು ಮನೆಯ ಮೊಬೈಲಿಗೆ ಬಂದುವು. ಬೋಳಾರದ ಮನೆಗಳನ್ನೇ ನೋಡಿರಿ. ಮಂಗಳಾದೇವಿಯ ಗುಡಿಯ ಆಸುಪಾಸಿನಿಂದ ಹಂಪನಕಟ್ಟೆಯ ವಿಶ್ವವಿದ್ಯಾನಿಲಯ ಕಾಲೇಜಿಗೆ ಹೋಗುವವರು, 1880ರಲ್ಲಿ ಸ್ಥಾಪಿತವಾದ ಸಂತ ಅಲೋಶಿಯಸ್ ಸಂಸ್ಥೆಗೆ ಹೋಗುವವರು, ಸೇತುವೆ ದಾಟಿ 1980ರಲ್ಲಿ ಆರಂಭವಾದ ಕೊಣಾಜೆಯ ವಿಶ್ವವಿದ್ಯಾನಿಲಯಕ್ಕೆ ಹೋಗುವವರು, 1960ರ ಸುರತ್ಕಲ್ಲಿನ ತಾಂತ್ರಿಕ ವಿದ್ಯಾಲಯಕ್ಕೆ ಹೋಗುವವರು, ಎಲ್ಲರೂ ಒಂದೊಂದು ಕೋಣೆಯ ಮೂಲೆಯಲ್ಲಿ ಕುಳಿತು ಒಂದೇ ಮುಗಿಲಿನಿಂದ ಪಾಠವನ್ನು ಇಳಿಸಿಕೊಂಡರು. ಎರಡು ಮಕ್ಕಳ ನಡುವೆ ಒಂದೇ ಮೊಬೈಲಿದ್ದ ಮನೆಗಳಲ್ಲಿ ಒಬ್ಬರ ಪಾಠ ಇನ್ನೊಬ್ಬರ ನಷ್ಟವಾಯಿತೆಂಬುದನ್ನೂ ಮರೆಯಲಾಗದು.

ತರುವಾಯ ಸರಕಾರದ ಕಡೆಯಿಂದಲೂ ಕಾರ್ಯವು ವೇಗವಾಗಿ ಸಾಗಿತು. ಪ್ರಮಾಣಪತ್ರಗಳನ್ನು ಇರಿಸಿಕೊಳ್ಳುವ ಡಿಜಿಲಾಕರ್ ಎಂಬ ಸಾರ್ವಜನಿಕ ಪೆಟ್ಟಿಗೆಯು 2015ರ ಜುಲೈ 1ರಂದೇ ಬಂದಿತ್ತು. 2021ರಲ್ಲಿ, ವಿದ್ಯಾರ್ಥಿಯು ಗಳಿಸಿದ ಕ್ರೆಡಿಟ್‌ಗಳನ್ನು ಬ್ಯಾಂಕಿನ ಖಾತೆಯಂತೆ ಜಮೆಮಾಡುವ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಎಂಬ ವ್ಯವಸ್ಥೆ ಹುಟ್ಟಿತು. ಅದೇ ವರ್ಷ ಕರ್ನಾಟಕ ಸರಕಾರವು ರಾಜ್ಯದ ವಿಶ್ವವಿದ್ಯಾನಿಲಯಗಳಿಗೂ ಕಾಲೇಜುಗಳಿಗೂ ಸಮಾನವಾದ ಯುಯುಸಿಎಂಎಸ್ ಎಂಬ ನಿರ್ವಹಣಾ ಜಾಲವನ್ನು ತಂದಿತು. ಪ್ರವೇಶ, ಪರೀಕ್ಷಾ ಅರ್ಜಿ, ಫಲಿತಾಂಶ ಇವೆಲ್ಲವೂ ಕಾಲೇಜಿನ ಕಪಾಟಿನಿಂದ ಹೊರಟು ಒಂದೇ ಜಾಲವನ್ನು ಸೇರಿದುವು. ಮೊದಲ ವರ್ಷಗಳಲ್ಲಿ ಫಲಿತಾಂಶಗಳೂ ಅಂಕಪಟ್ಟಿಗಳೂ ತಡವಾದುವೆಂಬ ದೂರುಗಳು ಪತ್ರಿಕೆಗಳಲ್ಲಿ ಮೇಲಿಂದ ಮೇಲೆ ಬಂದುವು. ಒಂದು ಕಾಲೇಜಿನ ಕಪಾಟಿನ ಬೀಗ ಕೆಟ್ಟರೆ ಒಂದು ಕಾಲೇಜಿಗೆ ತೊಂದರೆ. ಎಲ್ಲರ ಕಪಾಟೂ ಒಂದೇ ಆದಾಗ ತೊಂದರೆಯೂ ಎಲ್ಲರಿಗೂ ಒಟ್ಟಿಗೇ ಬರುವುದು.

ಇನ್ನು ಅಪಾಯಗಳ ವಿಚಾರ. ಮೊದಲನೆಯದು ಒಡೆಯನ ಮನಸ್ಸು. ಗೂಗಲ್ ಸಂಸ್ಥೆಯು ವಿದ್ಯಾಸಂಸ್ಥೆಗಳಿಗೆ ಮಿತಿಯಿಲ್ಲದ ಸಂಗ್ರಹಸ್ಥಳವನ್ನು ಉಚಿತವಾಗಿ ಕೊಡುತ್ತಿತ್ತು. ಅದನ್ನು ನಂಬಿ ಲೋಕದ ಎಷ್ಟೋ ವಿಶ್ವವಿದ್ಯಾನಿಲಯಗಳು ತಮ್ಮ ಸ್ವಂತ ಏರ್ಪಾಡುಗಳನ್ನು ಕೈಬಿಟ್ಟುವು. 2021ರ ಫೆಬ್ರವರಿಯಲ್ಲಿ ಆ ಸಂಸ್ಥೆಯು ಇನ್ನು ಮುಂದೆ ಒಂದು ಸಂಸ್ಥೆಗೆ ಒಟ್ಟು 100 ಟೆರಾಬೈಟ್ ಮಾತ್ರ ಎಂದು ಸಾರಿ, 2022ರಲ್ಲಿ ಅದನ್ನು ಜಾರಿಗೆ ತಂದಿತು. ಐದು ಸಾವಿರ ಮಂದಿಯಿರುವ ಕಾಲೇಜಿನಲ್ಲಿ ಇದನ್ನು ಹಂಚಿದರೆ ತಲೆಗೆ 20 ಗಿಗಾಬೈಟ್ ಬರುವುದು. ಐವತ್ತು ಸಾವಿರ ಮಂದಿಯಿದ್ದರೆ ಎರಡೇ ಗಿಗಾಬೈಟ್. ದಾನವಾಗಿ ಬಂದುದನ್ನು ಹಕ್ಕೆಂದು ತಿಳಿದು ಅದರ ಮೇಲೆ ಮನೆ ಕಟ್ಟಿದವರಿಗೆ ಇದರಿಂದ ಪಾಠವಾಯಿತು. ಕೊಟ್ಟವರ ಮೇಲೆ ದೋಷ ಹೊರಿಸಲಾಗದು. ವ್ಯಾಪಾರಿಯು ವ್ಯಾಪಾರವನ್ನೇ ಮಾಡುವನು. ಲೆಕ್ಕ ಹಾಕಬೇಕಾದುದು ಪಡೆಯುವವರ ಧರ್ಮ.

ಎರಡನೆಯದು, ದಾರಿ ಕಡಿದುಹೋಗುವುದು. 2025ರ ಅಕ್ಟೋಬರ್ 20ರಂದು ಅಮೆರಿಕದ ವರ್ಜೀನಿಯಾದಲ್ಲಿರುವ ಅಮೆಜಾನಿನ ಯಂತ್ರಶಾಲೆಗಳಲ್ಲಿ ದೋಷವುಂಟಾಗಿ, ಅವುಗಳನ್ನು ಆಶ್ರಯಿಸಿದ್ದ ಅಸಂಖ್ಯ ಸೇವೆಗಳು ಗಂಟೆಗಟ್ಟಲೆ ನಿಂತುವು. ಅವುಗಳಲ್ಲಿ ಕ್ಯಾನ್ವಾಸ್ ಎಂಬ ಪಾಠಜಾಲವೂ ಒಂದು. ಅದನ್ನೇ ನೆಚ್ಚಿದ್ದ ವಿಶ್ವವಿದ್ಯಾನಿಲಯಗಳ ವಿದ್ಯಾರ್ಥಿಗಳಿಗೆ ಅಂದು ಪಾಠವನ್ನು ನೋಡುವುದಕ್ಕೂ ಬರೆದುದನ್ನು ಒಪ್ಪಿಸುವುದಕ್ಕೂ ಆಗಲಿಲ್ಲ. ಅಧ್ಯಾಪಕರಿದ್ದರು, ವಿದ್ಯಾರ್ಥಿಗಳಿದ್ದರು, ಕಟ್ಟಡವಿತ್ತು. ಇಲ್ಲವಾದುದು ನಡುವಿನ ಸೇತುವೆಯೊಂದೇ.

ಮೂರನೆಯದು ಎಲ್ಲಕ್ಕಿಂತ ಭಯಂಕರವಾದುದು, ಇಟ್ಟ ವಸ್ತುವೇ ನಾಶವಾಗುವುದು. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯದ ದೇಜಾನ್ ನಗರದಲ್ಲಿ ಸರಕಾರದ ಗಣಕ ಭಂಡಾರಕ್ಕೆ ಬ್ಯಾಟರಿಗಳಿಂದ ಬೆಂಕಿ ಹತ್ತಿತು. ಸರಕಾರಿ ನೌಕರರು ತಮ್ಮ ಕಡತಗಳನ್ನು ಇರಿಸುತ್ತಿದ್ದ ಮೇಘ ಭಂಡಾರವು ಅಲ್ಲಿಯೇ ಇತ್ತು. 858 ಟೆರಾಬೈಟ್ ಬರಹಗಳು ಸುಟ್ಟುಹೋದುವು. ಅವುಗಳಿಗೆ ಬೇರೆ ಕಡೆಯಲ್ಲಿ ಪ್ರತಿಯೇ ಇರಲಿಲ್ಲ. ಯಂತ್ರವಿದ್ಯೆಯಲ್ಲಿ ಅಷ್ಟು ಮುಂದುವರಿದ ದೇಶಕ್ಕೆ ಹೀಗಾದುದನ್ನು ಕೇಳಿದಾಗ, ಮೇಘವೆಂಬುದು ಕಟ್ಟಡವೇ ಹೊರತು ಬೇರೇನೂ ಅಲ್ಲವೆಂದು ನಾವು ಮೇಲೆ ಹೇಳಿದ ಮಾತಿನ ಅರ್ಥವು ಮನಸ್ಸಿಗೆ ತಟ್ಟುವುದು.

ಹಾಗಾದರೆ ಹಿಂದಿನಂತೆ ಎಲ್ಲವನ್ನೂ ನಮ್ಮಲ್ಲಿಯೇ ಇಟ್ಟುಕೊಳ್ಳೋಣವೇ ಎಂದು ಕೆಲವರು ಕೇಳಬಹುದು. ಅದೂ ಕ್ಷೇಮವೆನ್ನಲಾಗದು. ಜಪಾನಿನ ಕ್ಯೋಟೊ ವಿಶ್ವವಿದ್ಯಾನಿಲಯವು ತನ್ನ ಸ್ವಂತ ಮಹಾಗಣಕದಲ್ಲಿಯೇ ಸಂಶೋಧನೆಯ ಬರಹಗಳನ್ನು ಇರಿಸಿತ್ತು. 2021ರ ಡಿಸೆಂಬರಿನಲ್ಲಿ, ಪ್ರತಿಗಳನ್ನು ತೆಗೆಯಬೇಕಾಗಿದ್ದ ಕಾರ್ಯಕ್ರಮವೇ ತಪ್ಪಿ ನಡೆದು ಸುಮಾರು 77 ಟೆರಾಬೈಟ್ ಅಳಿಸಿಹೋಯಿತು. ನಮ್ಮ ಜಿಲ್ಲೆಯ ಹಳೆಯ ಕಪಾಟುಗಳ ಕಥೆಯೂ ಬೇರೆಯಲ್ಲ. ಗೆದ್ದಲು ತಿಂದ ದಾಖಲೆಗಳೆಷ್ಟು, 1923ರ ಮತ್ತು 1974ರ ನೇತ್ರಾವತಿಯ ನೆರೆಯಲ್ಲಿ ತೇಲಿಹೋದ ಮನೆಯ ಪತ್ರಗಳೆಷ್ಟು ಎಂಬುದಕ್ಕೆ ಲೆಕ್ಕವಿಟ್ಟವರಿಲ್ಲ. ಇದಕ್ಕೆ ವಿರುದ್ಧವಾದ ಉದಾಹರಣೆಯೂ ನಮ್ಮೂರಿನಲ್ಲಿಯೇ ಇದೆ. 1843ರಲ್ಲಿ ಹರ್ಮನ್ ಮೋಗ್ಲಿಂಗರು ಇಲ್ಲಿ ಹೊರಡಿಸಿದ 'ಮಂಗಳೂರ ಸಮಾಚಾರ'ವನ್ನು ಇಂದಿಗೂ ನೋಡಬಹುದು. ಅದನ್ನು ಉಳಿಸಿದುದು ಕಾಗದದ ಗಟ್ಟಿತನಕ್ಕಿಂತ ಹೆಚ್ಚಾಗಿ ಪ್ರತಿಗಳ ಸಂಖ್ಯೆ. ಕಲ್ಲಚ್ಚಿನಿಂದ ಹೊರಟ ಹಲವು ಪ್ರತಿಗಳು ಹಲವರ ಮನೆ ಸೇರಿದುದರಿಂದ, ಒಂದು ಅಳಿದರೂ ಇನ್ನೊಂದು ಉಳಿಯಿತು. ಬರಹವನ್ನು ಕಾಯುವ ಧರ್ಮವು ಅಂದಿಗೂ ಇಂದಿಗೂ ಒಂದೇ: ಪ್ರತಿಗಳು ಒಂದಕ್ಕಿಂತ ಹೆಚ್ಚಿರಬೇಕು, ಅವು ಬೇರೆ ಬೇರೆ ಸ್ಥಳಗಳಲ್ಲಿರಬೇಕು, ಬೇರೆ ಬೇರೆಯವರ ವಶದಲ್ಲಿರಬೇಕು.

ಬೋಳಾರದ ಒಂದು ಮನೆಯ ಸಂಗತಿಯು ನಮಗೆ ತಿಳಿದಿದೆ. ಹೆಸರುಗಳು ಬೇಡ. ಆ ಮನೆಯ ಮಗಳು ಮೂರು ವರ್ಷದ ಪದವಿಯ ವ್ಯಾಸಂಗದಲ್ಲಿ ಮಾಡಿದ ಕೆಲಸವನ್ನೆಲ್ಲ ಕಾಲೇಜು ಕೊಟ್ಟ ಖಾತೆಯಲ್ಲಿಯೇ ಇಟ್ಟಿದ್ದಳು. ಹೊಳೆಯ ದಂಡೆಯ ಹಳೆಯ ಹೆಂಚಿನ ಕಾರ್ಖಾನೆಗಳಲ್ಲಿ ದುಡಿದ ವೃದ್ಧ ಸ್ತ್ರೀಯರನ್ನು ಮಾತನಾಡಿಸಿ ಅವಳು ಧ್ವನಿಮುದ್ರಿಸಿಕೊಂಡ ಸಂಭಾಷಣೆಗಳೂ ಅದರಲ್ಲಿದ್ದುವು. ಆಕೆಯ ಅಜ್ಜಿಯ ಮಾತೂ ಅವುಗಳಲ್ಲೊಂದು. ಪದವಿ ಮುಗಿದು ಕೆಲವು ತಿಂಗಳಾದ ಮೇಲೆ ಕಾಲೇಜು ಹಳೆಯ ಖಾತೆಗಳನ್ನು ಮುಚ್ಚಿತು. ಮುಚ್ಚುವೆವೆಂಬ ಸೂಚನೆಯು ಬಂದುದು ಅದೇ ಖಾತೆಯ ಅಂಚೆಗೆ. ಉದ್ಯೋಗ ಹಿಡಿದು ಬೇರೆ ಊರಿನಲ್ಲಿದ್ದ ಹುಡುಗಿಯು ಅದನ್ನು ತೆರೆದು ನೋಡಿರಲಿಲ್ಲ. ಅಜ್ಜಿಯು ತೀರಿಕೊಂಡ ಮೇಲೆ ಆ ಧ್ವನಿಯನ್ನು ಕೇಳಬೇಕೆಂದು ಮನೆಯವರು ಹುಡುಕಿದಾಗ ಖಾತೆಯೇ ಇರಲಿಲ್ಲ. ಅಂಕಪಟ್ಟಿಯನ್ನಾದರೋ ಅರ್ಜಿ ಕೊಟ್ಟು ಮತ್ತೆ ಪಡೆಯಬಹುದು. ಆ ಧ್ವನಿಯನ್ನು ಯಾವ ಕಚೇರಿಯಿಂದ ಪಡೆಯುವುದು? ಕಾಲೇಜು ತನ್ನ ನಿಯಮದಂತೆಯೇ ನಡೆದಿತ್ತು. ನಿಯಮವಿದೆಯೆಂಬುದನ್ನು ಮೊದಲೇ ಕೇಳಿ ತಿಳಿಯುವ ಪದ್ಧತಿಯು ನಮ್ಮ ಮನೆಗಳಲ್ಲಿ ಇನ್ನೂ ಬೆಳೆದಿಲ್ಲ.

ಈ ವಿಷಯದಲ್ಲಿ ನಮ್ಮೂರಿನ ನೀರಿನ ಅನುಭವವನ್ನು ನೆನೆಯುವುದು ಒಳ್ಳೆಯದು. ತುಂಬೆಯಲ್ಲಿ ನೇತ್ರಾವತಿಗೆ ಕಟ್ಟಿದ ಅಣೆಕಟ್ಟಿನಿಂದ ನಗರಕ್ಕೆ ನಳದ ನೀರು ಬರುತ್ತದೆ. ನಳವು ಬಂದ ಮೇಲೆ ಎಷ್ಟೋ ಮನೆಗಳವರು ಅಂಗಳದ ಬಾವಿಯನ್ನು ಮುಚ್ಚಿ ಅದರ ಮೇಲೆ ವಾಹನವನ್ನು ನಿಲ್ಲಿಸಿದರು. 2016ರಲ್ಲಿಯೂ 2019ರಲ್ಲಿಯೂ ಬೇಸಗೆಯಲ್ಲಿ ಹೊಳೆ ಬತ್ತಿ, ನಳದ ನೀರಿಗೆ ಸರದಿ ಬಂದಾಗ, ಬಾವಿಯನ್ನು ಉಳಿಸಿಕೊಂಡಿದ್ದ ಮನೆಯವರಿಗೆ ತಮ್ಮ ಹಿರಿಯರ ವಿವೇಕವು ತಿಳಿದುಬಂದಿತು. ನಳವೇ ಬೇಡವೆಂದು ಯಾರೂ ಹೇಳುವುದಿಲ್ಲ. ನಳವನ್ನು ಹಾಕಿಸಿಕೊಂಡವರು ಬಾವಿಯನ್ನು ಮುಚ್ಚಬಾರದು ಎಂಬಷ್ಟೇ ನಮ್ಮ ಮಾತು.

ಆದಕಾರಣ ಕಾಲೇಜಿನ ಆಡಳಿತದವರು ಕರಾರಿಗೆ ಸಹಿ ಹಾಕುವ ಮೊದಲು ನಾಲ್ಕು ಸಂಗತಿಗಳನ್ನು ಲಿಖಿತವಾಗಿ ಪಡೆಯತಕ್ಕದ್ದು. ಬರಹಗಳು ಯಾವ ದೇಶದ ಯಾವ ಭಂಡಾರದಲ್ಲಿರುವುವು? ಎರಡನೆಯ ಪ್ರತಿಯು ಎಲ್ಲಿರುವುದು, ಅದನ್ನು ತೆರೆದು ನೋಡಿ ಪರೀಕ್ಷಿಸಿದುದು ಯಾವಾಗ? ಬೆಲೆ ಏರಿದರೆ ಅಥವಾ ಮನಸ್ತಾಪವಾದರೆ, ಎಲ್ಲವನ್ನೂ ಕಟ್ಟಿಕೊಂಡು ಬೇರೆ ಕಡೆಗೆ ಹೋಗುವುದಕ್ಕೆ ಎಷ್ಟು ದಿನ, ಎಷ್ಟು ವೆಚ್ಚ? ವಿದ್ಯಾರ್ಥಿಯು ಬಿಟ್ಟುಹೋದ ಮೇಲೆ ಅವನ ಖಾತೆಯ ಗತಿಯೇನು? ಉತ್ತರ ಕೊಡದ ವ್ಯಾಪಾರಿಯೊಡನೆ ವ್ಯವಹಾರ ಮಾಡದಿರುವುದೇ ಲೇಸು.

ಗೃಹಸ್ಥರು ಮಾಡಬೇಕಾದುದೂ ಬಹಳವಿಲ್ಲ. ಮೊದಲನೆಯದಾಗಿ, ಮಕ್ಕಳಿಗೆ ಡಿಜಿಲಾಕರ್ ಖಾತೆಯನ್ನು ತೆರೆಯಿಸಿ, ವಿಶ್ವವಿದ್ಯಾನಿಲಯವು ಅದರಲ್ಲಿ ಹಾಕಿದ ಅಂಕಪಟ್ಟಿಯಲ್ಲಿ ಹೆಸರು, ತಂದೆತಾಯಿಗಳ ಹೆಸರು, ಹುಟ್ಟಿದ ದಿನ, ಅಂಕಗಳು ಸರಿಯಾಗಿವೆಯೇ ಎಂದು ಕೂಡಲೇ ನೋಡಿರಿ. ಡಿಜಿಲಾಕರಿನ ಮೂಲಕ ಸಂಸ್ಥೆಯೇ ನೀಡಿದ ಪತ್ರವು ಮೂಲಪತ್ರಕ್ಕೆ ಸಮಾನವೆಂದು ಕಾನೂನಿನ ನಿಯಮವೇ ಹೇಳುತ್ತದೆ. ನಾವೇ ಚಿತ್ರ ತೆಗೆದು ಹಾಕಿದ ಪ್ರತಿಗೆ ಆ ಮಾನ್ಯತೆಯಿಲ್ಲ. ಈ ಭೇದವನ್ನು ಅನೇಕರು ಅರಿಯರು. ಎರಡನೆಯದಾಗಿ, ಖಾತೆಗೆ ಜೋಡಿಸಿದ ಮೊಬೈಲ್ ಸಂಖ್ಯೆಯು ಮನೆಯವರದೇ ಆಗಿರಲಿ, ಅದನ್ನು ಬದಲಾಯಿಸಿದರೆ ಅಲ್ಲಿಯೂ ತಿದ್ದಿಸಿರಿ. ಬೀಗದ ಕೈಯನ್ನು ಕಳೆದ ಸಂಖ್ಯೆಯೊಡನೆ ಕಳೆಯಬೇಡಿರಿ. ಮೂರನೆಯದಾಗಿ, ಪ್ರತಿ ಆರು ತಿಂಗಳಿಗೊಮ್ಮೆ, ಪರೀಕ್ಷೆ ಮುಗಿದ ವಾರದಲ್ಲಿ, ಕಾಲೇಜಿನ ಖಾತೆಯಲ್ಲಿರುವ ಪ್ರಬಂಧ, ಚಿತ್ರ, ಧ್ವನಿಗಳನ್ನೆಲ್ಲ ಒಂದು ಪೆನ್‌ಡ್ರೈವಿಗೋ ಹಾರ್ಡ್‌ಡಿಸ್ಕಿಗೋ ಇಳಿಸಿ ಮನೆಯಲ್ಲಿಡಿರಿ. ಅತ್ಯಗತ್ಯವಾದ ಪತ್ರಗಳನ್ನು ಕಾಗದದಲ್ಲಿ ಮುದ್ರಿಸಿ, ಜಾಗದ ಪತ್ರಗಳಿರುವ ಪೆಟ್ಟಿಗೆಯಲ್ಲಿಯೇ ಇರಿಸಿರಿ.

ನಾಲ್ಕನೆಯದು ಗುಟ್ಟಿನ ವಿಚಾರ. ಕಾಲೇಜು ಸೇರುವಾಗ ತುಂಬುವ ಅರ್ಜಿಯಲ್ಲಿ ಆದಾಯ, ಜಾತಿ, ರೋಗರುಜಿನ, ಬ್ಯಾಂಕಿನ ಖಾತೆ ಎಲ್ಲವೂ ಬರುವುವು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು ಹದಿನೆಂಟು ತುಂಬದವರ ವಿಷಯದಲ್ಲಿ ತಂದೆತಾಯಿಗಳ ಒಪ್ಪಿಗೆಯನ್ನು ಕಡ್ಡಾಯಮಾಡಿ, ತಮ್ಮ ಕುರಿತು ಏನನ್ನು ಇರಿಸಿಕೊಂಡಿದ್ದಾರೆಂದು ಕೇಳುವುದಕ್ಕೂ ತಪ್ಪಿದ್ದರೆ ತಿದ್ದಿಸುವುದಕ್ಕೂ ಹಕ್ಕನ್ನು ಹೇಳಿದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದುವು. ಜಾರಿಯು ಹಂತಹಂತವಾಗಿ ಎಂದು ಗೊತ್ತುಮಾಡಲಾಗಿದೆ. ಪದವಿಯ ಮೊದಲ ವರ್ಷಕ್ಕೆ ಸೇರುವ ಮಕ್ಕಳಲ್ಲಿ ಹದಿನೇಳರ ವಯಸ್ಸಿನವರು ಅನೇಕರಿರುವುದರಿಂದ ಈ ಮಾತು ಮನೆಮನೆಗೂ ಸಂಬಂಧಿಸಿದುದೇ ಆಗಿದೆ. ಒಪ್ಪಿಗೆಯ ಚೌಕಕ್ಕೆ ಗುರುತು ಹಾಕುವ ಮೊದಲು ಎರಡು ನಿಮಿಷ ಓದಿ ನೋಡುವುದರಿಂದ ನಷ್ಟವೇನೂ ಇಲ್ಲ.

ವಿದ್ಯೆಯನ್ನು ಕಳ್ಳರು ಕದಿಯರು, ಬೆಂಕಿ ಸುಡದು ಎಂದು ಹಿರಿಯರು ಹೇಳುತ್ತಿದ್ದರು. ಆ ಮಾತು ತಲೆಯೊಳಗಿನ ವಿದ್ಯೆಗೆ ಇಂದಿಗೂ ಸತ್ಯ. ಆದರೆ ವಿದ್ಯೆಯ ಸಾಕ್ಷಿಪತ್ರಕ್ಕೂ, ವಿದ್ಯಾರ್ಥಿಯು ಕೈಯಾರೆ ಮಾಡಿದ ಕೆಲಸಕ್ಕೂ ಕಳ್ಳರ ಭಯವೂ ಬೆಂಕಿಯ ಭಯವೂ ತಪ್ಪಿದ್ದಲ್ಲ. ಮುಂದಿನ ಆದಿತ್ಯವಾರ ಮಧ್ಯಾಹ್ನದ ಊಟವಾದ ಬಳಿಕ ಮಕ್ಕಳನ್ನು ಹತ್ತಿರ ಕುಳ್ಳಿರಿಸಿಕೊಂಡು, ನಿನ್ನ ಮೂರು ವರ್ಷದ ಕೆಲಸ ಎಲ್ಲಿದೆ, ತೋರಿಸು ಎಂದು ಕೇಳಿರಿ. ಅವರು ತೋರಿಸಿದುದರ ಒಂದು ಪ್ರತಿಯನ್ನು ಅಂದೇ ಸಂಜೆಯೊಳಗೆ ಮನೆಗೆ ಇಳಿಸಿಕೊಳ್ಳಿರಿ.